ಸೋಲಾರ್ ಪ್ಯಾನೆಲ್ ತೊಳೆಯುವಾಗ ಶಾಕ್ ಹೊಡೆಯದಂತೆ ನಾನು ಕೆಲಸ ಮಾಡುವ ರೀತಿ

ಮೇನ್ ಸ್ವಿಚ್ ಆಫ್ ಮಾಡಿಬಿಟ್ಟರೆ ತಾರಸಿಯ ಪ್ಯಾನೆಲ್‌ಗಳಲ್ಲೂ ಕರೆಂಟ್ ಹೋಯಿತು ಎಂದು ನಂಬಿ ಪೈಪು ಹಿಡಿದು ಮೇಲೆ ಹತ್ತುವವರು ಬಹಳ. ಪ್ಯಾನೆಲ್‌ಗೆ ಸ್ವಿಚ್ ಇಲ್ಲ. ಬೆಳಕು ಬೀಳುತ್ತಿರುವಷ್ಟು ಹೊತ್ತೂ ಅದರ ಎರಡು ವೈರುಗಳ ನಡುವೆ ವೋಲ್ಟೇಜ್ ಇದ್ದೇ ಇರುತ್ತದೆ. 540 ವ್ಯಾಟಿನ ಒಂದು ಪ್ಯಾನೆಲ್ ಲೋಡ್ ಇಲ್ಲದಾಗ ಸುಮಾರು 49 ವೋಲ್ಟ್ ತೋರಿಸುತ್ತದೆ. ಅಂಥ ಹತ್ತನ್ನು ಸೀರೀಸ್‌ನಲ್ಲಿ ಜೋಡಿಸಿದ ಸ್ಟ್ರಿಂಗ್‌ನಲ್ಲಿ 490 ವೋಲ್ಟ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್; ಮನೆಯ ಲೈನಿನದು ದಿಕ್ಕು ಬದಲಿಸುವ ಎಸಿ). ಡಿಸಿ ಲೈನ್ ಕಡಿಯುವ ಸ್ವಿಚ್ಚಾದ ಐಸೊಲೇಟರ್ ತಿರುಗಿಸಿದಾಗ, ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್ ಕಡೆಗೆ ಹರಿಯುತ್ತಿದ್ದ ಕರೆಂಟ್ ನಿಲ್ಲುತ್ತದೆ, ಅಷ್ಟೇ. ಪ್ಯಾನೆಲ್‌ನಿಂದ ಐಸೊಲೇಟರ್‌ವರೆಗಿನ ವೈರಿನಲ್ಲಿ ಆ 490 ವೋಲ್ಟ್ ಹಾಗೇ ಇರುತ್ತದೆ. ಲೋಡ್ ಇಳಿದದ್ದರಿಂದ ವೋಲ್ಟೇಜ್ ಮೊದಲಿಗಿಂತ ತುಸು ಏರಿಯೇ ಇರುತ್ತದೆ.

ನಸುಕಿನಲ್ಲಿ ತೊಳೆದರೆ ಶಾಕ್ ಭಯವಿಲ್ಲ ಎಂಬ ಮಾತೂ ಅರ್ಧ ಸತ್ಯ. ಬೆಳಕು ಕಡಿಮೆಯಾದಷ್ಟೂ ಇಳಿಯುವುದು ಆಂಪಿಯರ್. ವೋಲ್ಟೇಜ್ ಅಷ್ಟಾಗಿ ಇಳಿಯುವುದಿಲ್ಲ. ನಡು ಮಧ್ಯಾಹ್ನದ ಬಿಸಿಲಿನ ಹತ್ತರಲ್ಲಿ ಒಂದು ಪಾಲು ಬೆಳಕಿದ್ದರೂ ವೋಲ್ಟೇಜ್ ಶೇಕಡ 90ರ ಆಸುಪಾಸಿನಲ್ಲಿರುತ್ತದೆ. ಪ್ಯಾನೆಲ್ ತಣ್ಣಗಿದ್ದಾಗ ವೋಲ್ಟೇಜ್ ಇನ್ನಷ್ಟು ಹೆಚ್ಚು. 13 ಆಂಪಿಯರ್ ಕೊಡುವ ಪ್ಯಾನೆಲ್ ಆಗ ಒಂದು ಆಂಪಿಯರ್‌ಗೆ ಇಳಿದಿರಬಹುದು. ಮನುಷ್ಯನ ಜೀವ ತೆಗೆಯಲು ಅದರ ಹತ್ತನೇ ಒಂದು ಪಾಲೂ ಸಾಕು. ನಾನು ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುವುದು ಗಾಜಿನ ಸಲುವಾಗಿ. ಬಿಸಿಲಿಗೆ 60 ಡಿಗ್ರಿ ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಬಿರುಕು ಬಿಟ್ಟ ಪ್ಯಾನೆಲ್ಲೇ ಮುಂದೆ ಶಾಕ್ ಹೊಡೆಯುವ ಪ್ಯಾನೆಲ್.

ಇಷ್ಟೆಲ್ಲ ವೋಲ್ಟೇಜ್ ಇದ್ದರೂ ನೀರು ಹಾಕಿ ತೊಳೆಯಲು ಆಗುವುದು ಹೇಗೆ? ಸೆಲ್‌ಗಳನ್ನು ಮೇಲೆ ಗಾಜು, ಕೆಳಗೆ ಬ್ಯಾಕ್‌ಶೀಟ್, ನಡುವೆ ಅಂಟುಪದರ ಮುಚ್ಚಿರುತ್ತವೆ. ಪ್ಯಾನೆಲ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61215ರ ಪರೀಕ್ಷೆಯಲ್ಲಿ ಪ್ಯಾನೆಲ್ಲನ್ನು ನೀರಿನಲ್ಲಿ ಅದ್ದಿ ಸೋರಿಕೆ ಅಳೆಯುತ್ತಾರೆ. ಇನ್ಸುಲೇಶನ್ ರೆಸಿಸ್ಟೆನ್ಸನ್ನು (ಕರೆಂಟ್ ಹೊರಗೆ ಸೋರದಂತೆ ಕವಚ ಒಡ್ಡುವ ತಡೆಯನ್ನು) ಪ್ಯಾನೆಲ್ ವಿಸ್ತೀರ್ಣದಿಂದ ಗುಣಿಸಿದರೆ ಕನಿಷ್ಠ 40 ಮೆಗಾಓಮ್ ಚದರ ಮೀಟರ್ ಬರಬೇಕು. ಎರಡೂವರೆ ಚದರ ಮೀಟರಿನ ಪ್ಯಾನೆಲ್‌ಗೆ ಅದು 16 ಮೆಗಾಓಮ್. 490 ವೋಲ್ಟ್ ಇದ್ದರೂ ಅಂಥ ಪ್ಯಾನೆಲ್‌ನಿಂದ ಸೋರುವುದು ಒಂದು ಮಿಲಿಆಂಪಿಯರಿನ ಮೂವತ್ತರಲ್ಲೊಂದು ಪಾಲು, ಕೈಗೆ ಗೊತ್ತೇ ಆಗುವುದಿಲ್ಲ. ಆದರೆ ಈ ಲೆಕ್ಕ ಹೊರಕವಚ ಇಡಿಯಾಗಿರುವ ಪ್ಯಾನೆಲ್‌ಗೆ ಮಾತ್ರ. ಆದ್ದರಿಂದ ನನ್ನ ಕೆಲಸದ ಮುಕ್ಕಾಲು ಪಾಲು ನೀರು ಹಾಕುವ ಮೊದಲೇ ಮುಗಿದಿರುತ್ತದೆ.

ಮೊದಲು ನೋಡುವುದು ಇನ್ವರ್ಟರ್ ಪರದೆ, ಅದೂ ಆಫ್ ಮಾಡುವ ಮುಂಚೆ. ಇನ್ವರ್ಟರ್ ಪ್ರತಿದಿನ ಬೆಳಗ್ಗೆ ಶುರುವಾಗುವ ಮೊದಲು ಡಿಸಿ ವೈರುಗಳಿಗೂ ಅರ್ಥ್‌ಗೂ ನಡುವಿನ ಇನ್ಸುಲೇಶನ್ ಅಳೆದುಕೊಳ್ಳುತ್ತದೆ. ಇನ್ಸುಲೇಶನ್ ಕಡಿಮೆ ಎಂದೋ ಅರ್ಥ್ ಫಾಲ್ಟ್ ಎಂದೋ ಬಂದಿದ್ದರೆ ಅಂದು ತೊಳೆಯುವುದಿಲ್ಲ. ಈ ಸೂಚನೆಯನ್ನು ರೀಸೆಟ್ ಮಾಡಿ ಮರೆಯುವುದು ಕೆಟ್ಟ ಅಭ್ಯಾಸ. ಡಿಸಿ ಬದಿಯ ಪ್ಲಸ್, ಮೈನಸ್ ಎರಡನ್ನೂ ಸಾಮಾನ್ಯವಾಗಿ ಅರ್ಥ್‌ಗೆ ಸೇರಿಸಿರುವುದಿಲ್ಲ. ಹಾಗಾಗಿ ಒಂದು ಕಡೆ ವೈರು ಸುಲಿದು ಫ್ರೇಮ್‌ಗೆ ತಾಗಿದರೂ ಆ ಕ್ಷಣಕ್ಕೆ ಯಾರಿಗೂ ಏನೂ ಆಗುವುದಿಲ್ಲ, ಫ್ಯೂಸೂ ಹೋಗುವುದಿಲ್ಲ. ಆದರೆ ಅಲ್ಲಿಂದ ಮುಂದೆ ಇಡೀ ಕಬ್ಬಿಣದ ಸ್ಟ್ರಕ್ಚರ್ ಸರ್ಕ್ಯೂಟಿನ ಒಂದು ತುದಿಯಾಗಿರುತ್ತದೆ. ಒಂದು ಕೈ ಫ್ರೇಮ್ ಮೇಲಿಟ್ಟವನ ಇನ್ನೊಂದು ಒದ್ದೆ ಕೈ ಬೇರೆ ಎಲ್ಲೋ ಬಿರುಕು ಬಿಟ್ಟ ಕನೆಕ್ಟರಿಗೆ ತಾಗಿದರೆ ಸರ್ಕ್ಯೂಟ್ ಅವನ ಎದೆಯ ಮೂಲಕ ಪೂರ್ತಿಯಾಗುತ್ತದೆ.

ಆಫ್ ಮಾಡುವ ಕ್ರಮ ಎಸಿ ಮೊದಲು, ಡಿಸಿ ಆಮೇಲೆ. ಎಸಿ ಎಂಸಿಬಿ (ಎಸಿ ಲೈನಿನ ಬ್ರೇಕರ್ ಸ್ವಿಚ್) ಇಳಿಸಿದ ಕೂಡಲೇ ಇನ್ವರ್ಟರ್ ಕರೆಂಟ್ ಎಳೆಯುವುದನ್ನು ನಿಲ್ಲಿಸುತ್ತದೆ, ಆಗ ಡಿಸಿ ಐಸೊಲೇಟರ್ ಲೋಡ್ ಇಲ್ಲದೆ ತೆರೆದುಕೊಳ್ಳುತ್ತದೆ. ಬ್ಯಾಟರಿ ಇರುವ ಹೈಬ್ರಿಡ್ ಸಿಸ್ಟಮ್ ಆದರೆ ಬ್ಯಾಟರಿ ಬ್ರೇಕರ್, ಬ್ಯಾಕಪ್ ಔಟ್‌ಪುಟ್ ಎರಡನ್ನೂ ಇಳಿಸುತ್ತೇನೆ. ಮೇನ್ ಹೋದರೂ ಬ್ಯಾಕಪ್ ಲೈನಿನಲ್ಲಿ ಪೂರ್ತಿ ಎಸಿ ಇರುತ್ತದೆ. ಪ್ಯಾನೆಲ್‌ಗಳ ಕೆಳಗೇ ಪುಟ್ಟ ಇನ್ವರ್ಟರುಗಳಿರುವ ಮೈಕ್ರೊಇನ್ವರ್ಟರ್ ಸಿಸ್ಟಮ್‌ನಲ್ಲಿ ಉದ್ದ ಡಿಸಿ ಸ್ಟ್ರಿಂಗ್ ಇರುವುದಿಲ್ಲ, ಎಸಿ ಕೇಬಲ್ಲೇ ಪ್ಯಾನೆಲ್‌ಗಳ ಕೆಳಗೆ ಹಾದಿರುತ್ತದೆ. ಅಲ್ಲಿ ಎಸಿ ಬ್ರೇಕರ್ ಮುಖ್ಯ. ಕೆಳಗೆ ಇನ್ನೊಬ್ಬರು ಬಂದು ಆನ್ ಮಾಡದಂತೆ ಬೀಗ ಹಾಕಿ, ಮೇಲೆ ಕೆಲಸ ನಡೆದಿದೆ ಎಂದು ಬರೆದ ಚೀಟಿ ಅಂಟಿಸುತ್ತೇನೆ. ನಂತರ ಡಿಸಿ ಅಳೆಯಬಲ್ಲ ಕ್ಲ್ಯಾಂಪ್ ಮೀಟರನ್ನು ಸ್ಟ್ರಿಂಗ್ ವೈರಿಗೆ ಹಾಕಿ ಸೊನ್ನೆ ಆಂಪಿಯರ್ ಬಂತೇ ಎಂದು ನೋಡುತ್ತೇನೆ. ಬರೀ ಎಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇಲ್ಲಿ ಯಾವಾಗಲೂ ಸೊನ್ನೆಯನ್ನೇ ತೋರಿಸುತ್ತದೆ. ವೈರು ಮುಟ್ಟದೆ ಮಿನುಗುವ ಪೆನ್ ಟೆಸ್ಟರಿಗೂ ಡಿಸಿ ಕಾಣುವುದಿಲ್ಲ. ಅದು ಸುಮ್ಮನಿದ್ದರೆ ವೈರಿನಲ್ಲಿ ಕರೆಂಟಿಲ್ಲ ಎಂದಲ್ಲ.

ಸೊನ್ನೆ ಆಂಪಿಯರ್ ಬಂದರೂ ಪ್ಯಾನೆಲ್ ವೈರುಗಳನ್ನು ಒಂದಕ್ಕೊಂದು ಜೋಡಿಸುವ ಎಂಸಿ4 ಕನೆಕ್ಟರುಗಳನ್ನು ಬಿಚ್ಚುವುದಿಲ್ಲ. ತೊಳೆಯಲು ಬಿಚ್ಚಬೇಕಾದ ಅಗತ್ಯವೇ ಇಲ್ಲ. ಬಿಚ್ಚಿಟ್ಟ ಕನೆಕ್ಟರಿನ ಬಾಯೊಳಗೆ ನೀರು ನುಗ್ಗುತ್ತದೆ. ಲೋಡ್ ಇರುವಾಗ ಎಳೆದರಂತೂ ಡಿಸಿ ಕಿಡಿ ಉದ್ದಕ್ಕೆ ಹೊತ್ತಿಕೊಂಡೇ ನಿಲ್ಲುತ್ತದೆ. 50 ಹರ್ಟ್ಸ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುವುದರಿಂದ ಅದರ ಕಿಡಿ ಆರುತ್ತದೆ, ಡಿಸಿಗೆ ಆ ಬಿಡುವಿಲ್ಲ.

ಇನ್ನು ಕಣ್ಣಿನ ಕೆಲಸ. ಮೇಲಿನಿಂದ ಗಾಜು ನೋಡುವುದಕ್ಕಿಂತ ಕೆಳಗೆ ಬಗ್ಗಿ ಹಿಂಬದಿ ನೋಡುವುದು ಮುಖ್ಯ. ಟಾರ್ಚ್ ಹಿಡಿದು ಪ್ರತಿ ಪ್ಯಾನೆಲ್‌ನ ಬ್ಯಾಕ್‌ಶೀಟ್‌ನಲ್ಲಿ ಸೀಳು, ಗುಳ್ಳೆ, ಕಂದು ಬಣ್ಣದ ಸುಟ್ಟ ಕಲೆ ಹುಡುಕುತ್ತೇನೆ. ಜಂಕ್ಷನ್ ಬಾಕ್ಸಿನ ಮುಚ್ಚಳ ಎದ್ದಿದೆಯೇ, ಕೇಬಲ್ ಟೈ ತುಂಡಾಗಿ ವೈರು ಜೋತು ತಾರಸಿಗೆ ತಾಗಿದೆಯೇ, ಇಲಿ ಅಳಿಲು ಕಡಿದ ಗುರುತಿದೆಯೇ ನೋಡುತ್ತೇನೆ. ಕನೆಕ್ಟರಿನ ಎರಡು ಭಾಗಗಳ ನಡುವೆ ಸಂದು ಕಂಡರೆ ಅದು ಪೂರ್ತಿ ಕಚ್ಚಿಕೊಂಡಿಲ್ಲ ಎಂದರ್ಥ. ಬೇರೆ ಬೇರೆ ಕಂಪನಿಯ ಗಂಡು ಹೆಣ್ಣು ಕನೆಕ್ಟರುಗಳನ್ನು ಜೋಡಿಸಿದ್ದರೂ ಅನುಮಾನಪಡಬೇಕು. ಸೇರಿದಂತೆ ಕಾಣುತ್ತವೆ, ಒಳಗೆ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ, ರಬ್ಬರ್ ಸೀಲ್ ಬಿಗಿಯಾಗಿ ಕೂರುವುದಿಲ್ಲ. ಇವುಗಳಲ್ಲಿ ಯಾವುದೇ ಒಂದು ಕಂಡರೂ ಆ ಸಾಲಿಗೆ ನೀರು ತಾಗಿಸುವುದಿಲ್ಲ. ಗಾಜು ಒಡೆದ ಪ್ಯಾನೆಲ್ಲನ್ನು ಒಣ ಬಟ್ಟೆಯಲ್ಲೂ ಒರೆಸುವುದಿಲ್ಲ, ಕೈಯಲ್ಲಿ ಮುಟ್ಟುವುದೂ ಇಲ್ಲ.

ಅರ್ಥಿಂಗ್ ಪರೀಕ್ಷೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಫ್ರೇಮಿನಿಂದ ಫ್ರೇಮಿಗೆ, ಅಲ್ಲಿಂದ ಅರ್ಥ್ ಪಟ್ಟಿಗೆ ಮಲ್ಟಿಮೀಟರಿನಲ್ಲಿ ಕಂಟಿನ್ಯುಟಿ (ಕರೆಂಟಿನ ದಾರಿ ಕಡಿಯದೆ ಇದೆಯೇ ಎಂದು) ನೋಡಿದರೆ ಒಂದು ಓಮ್‌ಗಿಂತ ಕಡಿಮೆ ಬರಬೇಕು. ಅಲ್ಯೂಮಿನಿಯಂ ಫ್ರೇಮಿನ ಮೇಲ್ಮೈಗೆ ಆನೊಡೈಸಿಂಗ್ ಪದರ ಇರುತ್ತದೆ. ಅದು ಕರೆಂಟ್ ಹಾಯಲು ಬಿಡುವುದಿಲ್ಲ. ಪ್ರೋಬ್ ಸುಮ್ಮನೆ ಒತ್ತಿದರೆ ಸರ್ಕ್ಯೂಟೇ ಇಲ್ಲ ಎಂದು ತೋರಿಸಬಹುದು. ಹಾಗಾಗಿ ಅರ್ಥ್ ವೈರು ಕಟ್ಟಿದ ಬೋಲ್ಟಿನ ತಲೆಯ ಮೇಲೆ, ಫ್ರೇಮಿನ ಸಣ್ಣ ಗೀರಿನ ಮೇಲೆ ಪ್ರೋಬ್ ಇಟ್ಟು ನೋಡುತ್ತೇನೆ. ಬೋಲ್ಟಿನ ಕೆಳಗೆ ಹಲ್ಲಿರುವ ವಾಷರ್ ಇಲ್ಲದಿದ್ದರೆ ವೈರು ಕಟ್ಟಿದ್ದೂ ವ್ಯರ್ಥ, ಆ ಪದರವನ್ನು ಕೊರೆದು ಲೋಹಕ್ಕೆ ತಾಗುವುದು ಆ ಹಲ್ಲುಗಳೇ. ಒದ್ದೆ ಫ್ರೇಮ್ ಮುಟ್ಟಿದಾಗ ಕೈ ಜುಮ್ಮೆಂದರೆ, ನೀರಿದ್ದಾಗ ಹಾಗಾಗುವುದು ಸಹಜ ಎನ್ನುವ ಮಾತಿಗೆ ಕಿವಿಗೊಡಬೇಡಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಇನ್ವರ್ಟರ್ ಚಾಲೂ ಇರುವಾಗ ಸೆಲ್‌ನಿಂದ ಫ್ರೇಮಿಗೆ ಸಣ್ಣ ಸೋರಿಕೆ ಇರುತ್ತದೆ, ಗಾಜು ಒದ್ದೆಯಾದರೆ ಅದು ಹೆಚ್ಚುತ್ತದೆ. ಅರ್ಥಿಂಗ್ ಸರಿ ಇದ್ದರೆ ಅದು ಅರ್ಥ್ ವೈರಿನಲ್ಲೇ ಹೋಗುತ್ತದೆ. ಕೈಗೆ ಬಂತೆಂದರೆ ಅರ್ಥ್ ಕಡಿದಿದೆ.

ಡಿಸಿ ಬಗ್ಗೆ ಇಷ್ಟು ಹೇಳಿದರೂ ತಾರಸಿಯಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಪಂಪಿನ ಎಕ್ಸ್‌ಟೆನ್ಶನ್ ಬೋರ್ಡ್. ಜೋಡು ಹಾಕಿದ ವೈರು, ನೀರು ನಿಂತ ನೆಲ, ಬರಿಗಾಲು, ಮೂರನೇ ಪಿನ್ ಮುರಿದ ಪ್ಲಗ್. ತಾರಸಿಗೆ ಎಸಿ ವೈರು ಒಯ್ಯದೆ ಕೆಲಸ ಮಾಡುವುದೇ ಉತ್ತಮ: ಮೇಲಿನ ಟ್ಯಾಂಕಿನ ನಲ್ಲಿಯಿಂದ ಪೈಪು, ಇಲ್ಲವೇ ಕೈಪಂಪಿನ ಸ್ಪ್ರೇಯರ್. ಪಂಪ್ ಬೇಕೇ ಬೇಕೆಂದರೆ ಅದು ಕೆಳಗೆ ಒಣ ಜಾಗದಲ್ಲಿರಲಿ, 30 ಮಿಲಿಆಂಪಿಯರ್ ಸೋರಿದರೆ ತಾನೇ ಟ್ರಿಪ್ ಆಗುವ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ ಮೂಲಕವೇ ಕರೆಂಟ್ ಬರಲಿ, ಶುರು ಮಾಡುವ ಮೊದಲು ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. ಮೇಲಕ್ಕೆ ಬರಬೇಕಾದದ್ದು ಪೈಪು ಮಾತ್ರ. ವಾಹನ ತೊಳೆಯುವ ಪ್ರೆಶರ್ ವಾಷರ್ ನಾನು ಬಳಸುವುದಿಲ್ಲ. ಅದರ ರಭಸಕ್ಕೆ ಫ್ರೇಮಿನ ಅಂಚಿನ ಸೀಲ್ ಏಳುತ್ತದೆ, ಕನೆಕ್ಟರಿನ ಒಳಕ್ಕೆ ನೀರು ಸೇರುತ್ತದೆ.

ಕೋಲು ಫೈಬರ್‌ಗ್ಲಾಸಿನದು, ತುದಿಗೆ ಮೃದು ಬ್ರಷ್, ರಬ್ಬರ್ ವೈಪರ್. ಅಲ್ಯೂಮಿನಿಯಂ ಕೋಲು, ಏಣಿ ಎರಡೂ ಬೇಡ, ಹತ್ತಿರದಲ್ಲಿ ವಿದ್ಯುತ್ ಲೈನ್ ಹಾದಿದ್ದರಂತೂ ಬೇಡವೇ ಬೇಡ. ಫೈಬರ್‌ಗ್ಲಾಸ್ ಕೂಡ ಮೈಯೆಲ್ಲ ಒದ್ದೆಯಾದರೆ ಅದರ ಮೇಲಿನ ನೀರಿನ ಪದರದಲ್ಲೇ ಕರೆಂಟ್ ಹರಿಯುತ್ತದೆ, ಆದ್ದರಿಂದ ಹಿಡಿಯುವ ಭಾಗವನ್ನು ಆಗಾಗ ಒರೆಸಿಕೊಳ್ಳುತ್ತೇನೆ. ಕಾಲಿಗೆ ಜಾರದ ರಬ್ಬರ್ ಅಟ್ಟೆಯ ಬೂಟು. ಪಾತ್ರೆ ತೊಳೆಯುವ ಗ್ಲೌಸ್ ಕೊಳೆಗೆ ಸಾಕು, 490 ವೋಲ್ಟಿಗೆ ಅದಕ್ಕೆ ಯಾವ ಖಾತರಿಯೂ ಇಲ್ಲ. ವೈರಿನ ಹತ್ತಿರ ಕೈ ಹೋಗಬೇಕಾದಾಗ ಕ್ಲಾಸ್ 0 ಇನ್ಸುಲೇಟಿಂಗ್ ಗ್ಲೌಸ್ ಹಾಕುತ್ತೇನೆ; ಅದರ ಮಿತಿ 1000 ವೋಲ್ಟ್ ಎಸಿ, 1500 ವೋಲ್ಟ್ ಡಿಸಿ. ಪ್ರತಿ ಸಲ ಬಾಯಿ ಸುತ್ತಿ ಗಾಳಿ ತುಂಬಿಸಿ ಒತ್ತಿ ನೋಡಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಅದು ಕಸಕ್ಕೆ.

ನೀರು ಯಾವಾಗಲೂ ಮೇಲಿನ ಅಂಚಿನಿಂದ ಕೆಳಗೆ, ಗಾಜಿನ ಮೇಲೆ ಮಾತ್ರ. ಕೆಳಗಿನಿಂದ ಹಿಂಬದಿಗೆ ಎರಚುವುದಿಲ್ಲ. ಪ್ಯಾನೆಲ್ ಮೇಲೆ ಕಾಲಿಡುವುದಿಲ್ಲ, ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುವುದು ಹಾಗೆ. ಗುಡುಗು ಕೇಳಿದರೆ ಅರ್ಧಕ್ಕೇ ಇಳಿಯುತ್ತೇನೆ. ಒಬ್ಬನೇ ಮೇಲೆ ಹೋಗುವುದಿಲ್ಲ. ಕೆಳಗಿರುವವನಿಗೆ ಮೊದಲೇ ಹೇಳಿರುತ್ತೇನೆ: ಯಾರಾದರೂ ಡಿಸಿಗೆ ಸಿಕ್ಕಿಕೊಂಡರೆ ಮೇನ್ ಆಫ್ ಮಾಡಿದ ಮಾತ್ರಕ್ಕೆ ಬಿಡುಗಡೆಯಿಲ್ಲ, ಬರಿಗೈಯಲ್ಲಿ ಎಳೆಯಬೇಡ, ಒಣ ಮರದ ಇಲ್ಲವೇ ಪ್ಲಾಸ್ಟಿಕ್ ಕೋಲಿನಿಂದ ಬೇರ್ಪಡಿಸು, ತುರ್ತು ಸಹಾಯಕ್ಕೆ ಫೋನ್ ಮಾಡು. ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರಂತೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಬೇಕು. ಶಾಕ್ ಹೊಡೆದು ಎದ್ದು ಕೂತವನನ್ನೂ ಆಸ್ಪತ್ರೆಗೆ ತೋರಿಸಬೇಕು, ಹೃದಯದ ಬಡಿತ ಆಮೇಲೂ ತಪ್ಪಬಹುದು.

ತೊಳೆದ ಮೇಲೆ ಫ್ರೇಮಿನ ಕೆಳ ಅಂಚಿನ ನೀರು ಇಳಿಯಲು ಬಿಟ್ಟು, ಮೊದಲು ಡಿಸಿ, ಆಮೇಲೆ ಎಸಿ ಆನ್ ಮಾಡುತ್ತೇನೆ. ಇನ್ವರ್ಟರ್ ತಕರಾರಿಲ್ಲದೆ ಶುರುವಾದರೆ ಸರಿ. ಇನ್ಸುಲೇಶನ್ ಫಾಲ್ಟ್ ತೋರಿಸಿ, ಬಿಸಿಲೇರಿದ ಮೇಲೆ ತಾನೇ ಸರಿಹೋದರೆ ಸಮಸ್ಯೆ ಮುಗಿಯಿತೆಂದು ತಿಳಿಯಬೇಡಿ. ಯಾವುದೋ ಕನೆಕ್ಟರಿಗೋ ಜಂಕ್ಷನ್ ಬಾಕ್ಸಿಗೋ ನೀರು ಹೊಕ್ಕಿತ್ತು, ಬಿಸಿಲಿಗೆ ಆರಿತು. ಮುಂದಿನ ಮಳೆಗೋ ಇಬ್ಬನಿಗೋ ಮತ್ತೆ ಬರುತ್ತದೆ. ಅಂಥ ಸಿಸ್ಟಮ್‌ನಲ್ಲಿ ಒಂದೊಂದೇ ಸ್ಟ್ರಿಂಗ್‌ನ ಇನ್ಸುಲೇಶನ್ ಪರೀಕ್ಷಿಸಬೇಕು, ಒಂದು ಮೆಗಾಓಮ್‌ಗಿಂತ ಕಡಿಮೆ ಬಂದ ಸ್ಟ್ರಿಂಗ್‌ನಲ್ಲಿ ದೋಷವಿದೆ. ಆ ಪರೀಕ್ಷೆಗೆ ಇನ್ಸುಲೇಶನ್ ಅಳೆಯುವ ಮೆಗ್ಗರ್ ಎಂಬ ಮೀಟರ್ ಬೇಕು, ಅದನ್ನು ಬಳಸಬಲ್ಲ ಎಲೆಕ್ಟ್ರಿಷಿಯನ್ ಬೇಕು. ಅಲ್ಲಿಯವರೆಗೆ ಐಸೊಲೇಟರ್ ಆಫ್ ಆಗಿಯೇ ಇರಲಿ, ಆ ಸಾಲಿನ ಫ್ರೇಮನ್ನು ಯಾರೂ ಮುಟ್ಟುವುದು ಬೇಡ.