ಕಪ್ಪು ಪಟ್ಟಿ ಇರಲಿ ಬಿಡಿ

ನಮ್ಮನೇಲಿ ಎರಡು ಟಿವಿ. ಅತ್ತೆಯ ರೂಮಿನಲ್ಲಿ 21 ಇಂಚಿನ ಹಳೆ ಡಬ್ಬಾ ಟಿವಿ, ಹಾಲ್‌ನಲ್ಲಿ 43 ಇಂಚಿನ ಎಲ್‌ಇಡಿ. ಡಿವಿಡಿ ಪ್ಲೇಯರ್ ಮಾತ್ರ ಒಂದೇ, ಅಲ್ಲಿಂದಿಲ್ಲಿಗೆ ಓಡಾಡ್ತಿರುತ್ತದೆ. ಸಿನಿಮಾಸ್ಕೋಪ್ ಚಿತ್ರ ಹಾಕಿದರೆ ಅತ್ತೆಯದು ಒಂದೇ ಪ್ರಶ್ನೆ: "ಯಾಕಮ್ಮಾ, ಮೇಲೆ ಕೆಳಗೆ ಕಪ್ಪು?"

ಸಿನಿಮಾಸ್ಕೋಪ್ ಚಿತ್ರದ ಅಗಲ ಎತ್ತರದ 2.35 ಪಟ್ಟು. ಡಬ್ಬಾ ಟಿವಿ 4:3, ಅಂದರೆ ಬರೀ 1.33. ಅಗಲ ಪೂರ್ತಿ ಕಾಣಬೇಕು ಅಂದರೆ ಎತ್ತರದಲ್ಲಿ ಸುಮಾರು 57 ಪರ್ಸೆಂಟ್ ಅಷ್ಟೇ ಸಿಗೋದು. ಅತ್ತೆಯ ಟಿವಿಯಲ್ಲಿ ಅದು ಏಳು ಇಂಚು (21 ಅನ್ನೋದು ಮೂಲೆಯಿಂದ ಮೂಲೆಗೆ, ಎತ್ತರ ಅಲ್ಲ), ಒಂದು ಗೇಣೂ ಇಲ್ಲ! 16:9ರ ಹೊಸ ಟಿವಿಯಲ್ಲಿ 76 ಪರ್ಸೆಂಟ್ ಸಿಗುತ್ತದೆ, ಹದಿನಾರು ಇಂಚು. ಪಟ್ಟಿ ಅಲ್ಲೂ ಹೋಗಲ್ಲ.

ಪಟ್ಟಿ ಬೇಡ ಅಂದರೆ ಪಕ್ಕಗಳನ್ನು ಕತ್ತರಿಸಬೇಕು. ಪ್ಲೇಯರಿನ ಸೆಟಪ್‌ನಲ್ಲಿ '4:3 ಪ್ಯಾನ್‌ಸ್ಕ್ಯಾನ್' ಅಂತ ಇರುತ್ತದೆ. ಒಮ್ಮೆ ಅತ್ತೆಗೋಸ್ಕರ ಹಾಕಿ ನೋಡಿದೆ. ಎಡತುದಿಯಲ್ಲಿ ಗಂಡ, ಬಲತುದಿಯಲ್ಲಿ ಹೆಂಡತಿ, ಜೋರು ಜಗಳ. ಪರದೆ ಮೇಲೆ ಉಳಿದಿದ್ದು ನಡುವಿನ ಊಟದ ಮೇಜು, ಎರಡು ಮೊಣಕೈ. ಅತ್ತೆಯೇ "ಮೊದಲಿನ ಹಾಗೇ ಮಾಡು" ಅಂದರು. ಅವರ ಟಿವಿಗೆ ಈಗ '4:3 ಲೆಟರ್‌ಬಾಕ್ಸ್', ಅಂದರೆ ಕಪ್ಪು ಪಟ್ಟಿ ಸಮೇತ ಪೂರ್ತಿ ಚಿತ್ರ; ಪ್ಲೇಯರ್ ಹಾಲ್‌ಗೆ ಬಂದಾಗ '16:9'. ಈ '16:9' ಬದಲಿಸದೆ ಡಬ್ಬಾ ಟಿವಿಗೆ ಹಾಕಿದರೆ ಎಲ್ಲರ ಮುಖವೂ ಉದ್ದುದ್ದ.

ಹೊಸ ಟಿವಿಯ ಕಾಟ ಬೇರೆ. ಪರದೆ ತುಂಬಿಸೋ ಹಟ ಅದಕ್ಕೆ. ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದಿದ್ದು 1977ರಲ್ಲಿ, 'ಸೊಸೆ ತಂದ ಸೌಭಾಗ್ಯ'ದಿಂದ. (ಹೆಸರು ಅತ್ತೆಗೆ ಅಷ್ಟಾಗಿ ಹಿಡಿಸಲ್ಲ.) ಅದಕ್ಕೂ ಹಿಂದಿನ ಕಪ್ಪು ಬಿಳುಪು ಚಿತ್ರಗಳು ಹೆಚ್ಚುಕಮ್ಮಿ ಹಳೆ ಟಿವಿಯ ಆಕಾರದವು. ಅವನ್ನು ಎಳೆದು ಹಿಗ್ಗಿಸಿದರೆ ನಾಯಕಿ ಮೂರನೇ ಒಂದು ಪಾಲು ದಪ್ಪ ಆಗ್ತಾಳೆ. ನಾನು ಮೊದಲು ನೋಡೋದು ಹಣೆಯ ಕುಂಕುಮ, ಇಲ್ಲಾ ಗಾಡಿಯ ಚಕ್ರ. ದುಂಡಗಿದ್ದರೆ ಸರಿ. ಮೊಟ್ಟೆ ಆಕಾರಕ್ಕೆ ತಿರುಗಿದ್ದರೆ ರಿಮೋಟ್‌ನಲ್ಲಿ '4:3' ಒತ್ತುತ್ತೇನೆ. ಎಡಬಲ ಕಪ್ಪಾಗುತ್ತದೆ, ಆಗಲಿ.

ಜೂಮ್ ಒತ್ತೋದು ಒಂದೇ ಸಂದರ್ಭದಲ್ಲಿ. ಕೆಲವು ಹಳೆ ಡಿಸ್ಕ್‌ಗಳಲ್ಲಿ ಕಪ್ಪು ಪಟ್ಟಿಯೂ ಚಿತ್ರದ ಜೊತೆಗೇ ಅಚ್ಚಾಗಿರುತ್ತದೆ. ಹೊಸ ಟಿವಿಯಲ್ಲಿ ಅವು ನಾಲ್ಕೂ ಕಡೆ ಕಪ್ಪು ಬಿಟ್ಟು ನಡುವೆ ಪುಟ್ಟದಾಗಿ ಕೂರುತ್ತವೆ. ಅಲ್ಲಿ ಜೂಮ್ ಮಾಡಿದರೆ ಹೋಗೋದು ಬರೀ ಕಪ್ಪು, ಚಿತ್ರ ಪೂರ್ತಿ ಉಳಿಯುತ್ತದೆ. ಆದರೆ ಸಬ್‌ಟೈಟಲ್ ಕೆಳಗಿನ ಪಟ್ಟಿಯಲ್ಲಿದ್ದರೆ ಅದೂ ಜೊತೆಗೆ ಹೋಗುತ್ತದೆ. ಬೇರೆ ಭಾಷೆಯ ಸಿನಿಮಾ ಆದರೆ ನಾನು ಜೂಮ್ ಬಿಟ್ಟು ಕುರ್ಚಿಯನ್ನೇ ಮುಂದಕ್ಕೆ ಎಳೆದುಕೊಳ್ಳುತ್ತೇನೆ.