ಸಂಘದ ವೆಬ್‌ಸೈಟಿಗೆ ಪಾಸ್‌ಕೀ ತಂದ ಕತೆ

ಮುಂಬಯಿಯ ನಮ್ಮ ಕನ್ನಡ ಸಂಘದ ವೆಬ್‌ಸೈಟನ್ನು ನೋಡಿಕೊಳ್ಳುವುದು ನಾನೇ. ಸದಸ್ಯರ ಚಂದಾ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ನಾಟಕದ ಟಿಕೆಟ್ ಎಲ್ಲ ಅದರಲ್ಲೇ. ಸದಸ್ಯರು ಮಾಟುಂಗಾದಿಂದ ಡೊಂಬಿವಲಿವರೆಗೆ ಹರಡಿಕೊಂಡಿದ್ದಾರೆ. ಹೋಟೆಲಿನವರು, ಬ್ಯಾಂಕಿನಿಂದ ನಿವೃತ್ತರಾದವರೇ ಜಾಸ್ತಿ. ವರ್ಷಕ್ಕೆ ಎರಡು ಮೂರು ಸಲ ಲಾಗಿನ್ ಆಗುವವರಿಗೆ ಪಾಸ್‌ವರ್ಡ್ ನೆನಪಿರುವುದುಂಟಾ? ‘ಪಾಸ್‌ವರ್ಡ್ ಮರೆತಿರಾ?’ ಒತ್ತಿ, ಇಮೇಲ್‌ಗೆ ಬಂದ ಓಟಿಪಿ ಹಾಕುವುದೇ ಅವರ ಲಾಗಿನ್. ಅದೂ ಆಗದಿದ್ದರೆ ನನಗೆ ಫೋನು.

ಪಾಸ್‌ಕೀ ಹಾಕೋಣ ಅನಿಸಿದ್ದು ಅದಕ್ಕೇ. ಪಾಸ್‌ಕೀ ಅಂದರೆ ಪಾಸ್‌ವರ್ಡಿನ ಬದಲು ಫೋನಿನ ಲಾಕ್ ತೆಗೆದೇ ಲಾಗಿನ್ ಆಗುವ ವ್ಯವಸ್ಥೆ. ಇದರಲ್ಲಿ ಫೋನು ನಮ್ಮ ಸೈಟಿಗೆಂದೇ ಒಂದು ಜೋಡಿ ಕೀ ಮಾಡಿಕೊಳ್ಳುತ್ತದೆ. ಗುಟ್ಟಿನ ಕೀ ಸದಸ್ಯರ ಹತ್ತಿರವೇ ಉಳಿಯುತ್ತದೆ, ಇನ್ನೊಂದು ನಮ್ಮ ಸರ್ವರಿಗೆ ಬರುತ್ತದೆ. ಲಾಗಿನ್ ಆಗುವಾಗ ಫೋನು ಗುಟ್ಟಿನ ಕೀಯಿಂದ ಒಂದು ಡಿಜಿಟಲ್ ಸಹಿ ಹಾಕುತ್ತದೆ, ಸರ್ವರು ಇನ್ನೊಂದರಿಂದ ಅದನ್ನು ಪರೀಕ್ಷಿಸುತ್ತದೆ. ನಮ್ಮ ಡೇಟಾಬೇಸ್ ಯಾರಾದರೂ ಕದ್ದರೂ ಆ ಎರಡನೆಯದರಿಂದ ಲಾಗಿನ್ ಆಗಲು ಬರುವುದಿಲ್ಲ. ಕೀ ನಮ್ಮ ಡೊಮೇನಿಗೆ, ಅಂದರೆ ಸೈಟಿನ ವಿಳಾಸಕ್ಕೆ, ಕಟ್ಟುಬಿದ್ದಿರುವುದರಿಂದ ನಕಲಿ ಸೈಟಿನಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ. 2022ರ ಮೇ ತಿಂಗಳಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಇದಕ್ಕೆ ಒಪ್ಪಿದ ಮೇಲೆ ದಾರಿ ಸಲೀಸಾಯಿತು. ಆಂಡ್ರಾಯ್ಡ್ 9 ಅಥವಾ ಐಓಎಸ್ 16 ಇದ್ದರೆ ಸಾಕು. ನಮ್ಮ ಹಿರಿಯರ ಫೋನುಗಳೂ ಅಷ್ಟು ಹಳೆಯವಲ್ಲ.

ಕೋಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೆಬ್‌ಆಥನ್‌ಗೆ (ಬ್ರೌಸರಿನಲ್ಲಿ ಪಾಸ್‌ಕೀ ನಡೆಸುವ ಮಾನದಂಡ) ಸಿದ್ಧ ಲೈಬ್ರರಿಗಳಿವೆ, ಸಹಿ ಪರೀಕ್ಷಿಸುವ ಕೆಲಸವನ್ನು ಕೈಯಾರೆ ಬರೆಯಲು ಹೋಗಬೇಡಿ. ಒಂದನ್ನು ಮಾತ್ರ ಮೊದಲೇ ತೀರ್ಮಾನಿಸಿ: ಕೀ ಯಾವ ಡೊಮೇನಿನ ಹೆಸರಿನಲ್ಲಿರಬೇಕು? ನಾವು ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇಲ್ಲದ ಬರೀ ಡೊಮೇನನ್ನೇ ಕೊಟ್ಟೆವು. ಸದಸ್ಯರ ಪುಟ ಬೇರೆ ಸಬ್‌ಡೊಮೇನಿನಲ್ಲಿ, ಅಂದರೆ ಅದೇ ಡೊಮೇನಿನ ಹಿಂದೆ ಇನ್ನೊಂದು ಹೆಸರು ಸೇರಿದ ವಿಳಾಸದಲ್ಲಿ, ಇದ್ದರೂ ಅದೇ ಕೀ ನಡೆಯುತ್ತದೆ.

ನಿಜವಾದ ಕೆಲಸ ಇದ್ದದ್ದು ಜನರನ್ನು ಯಾವಾಗ ಕೇಳಬೇಕು ಅನ್ನುವುದರಲ್ಲಿ. ಮುಖಪುಟದಲ್ಲಿ ಬ್ಯಾನರ್ ಹಾಕಿದರೆ ಯಾರೂ ತಿರುಗಿಯೂ ನೋಡುವುದಿಲ್ಲ. ಪಾಸ್‌ವರ್ಡ್ ಮರೆತು, ಓಟಿಪಿಗೆ ಕಾದು, ಸಾಕಪ್ಪಾ ಸಾಕು ಅನಿಸಿ ಒಳಗೆ ಬಂದಿರುತ್ತಾರಲ್ಲ, ಕೇಳಬೇಕಾದ್ದು ಆಗ. ‘ಮುಂದಿನ ಸಲ ಪಾಸ್‌ವರ್ಡ್ ಬೇಡ. ಫೋನಿನ ಲಾಕ್ ತೆಗೆಯುವ ಹಾಗೆಯೇ ಒಳಗೆ ಬನ್ನಿ.’ ಕೆಳಗೆ ಎರಡು ಬಟನ್: ‘ಆಗಲಿ’, ‘ಈಗ ಬೇಡ’. ಬೇಡ ಅಂದವರನ್ನು ಕೆಲವು ತಿಂಗಳು ಸುಮ್ನೆ ಬಿಡುತ್ತೇವೆ. ಚಂದಾ ಕಟ್ಟುವ ಮಧ್ಯೆಯಂತೂ ಕೇಳುವುದೇ ಇಲ್ಲ. ಯುಪಿಐ ಪಿನ್ ಒತ್ತುವ ಹೊತ್ತಿಗೆ ಇನ್ನೊಂದು ಕಿಟಕಿ ತೆರೆದರೆ ಯಾರಿಗಾದರೂ ಗಾಬರಿಯಾಗುತ್ತದೆ.

ಲಾಗಿನ್ ಪುಟಕ್ಕೆ ಹೊಸ ಬಟನ್ ಸೇರಿಸಲಿಲ್ಲ. ಯೂಸರ್‌ನೇಮ್ ಬರೆಯುವ ಹಳೆಯ ಬಾಕ್ಸಿಗೇ ಆಟೋಕಂಪ್ಲೀಟ್‌ನಲ್ಲಿ ‘ಯೂಸರ್‌ನೇಮ್ ವೆಬ್‌ಆಥನ್’ ಎಂದು ಕೊಟ್ಟು, ಕಂಡೀಶನಲ್ ಮೀಡಿಯೇಶನ್ (ಪಾಸ್‌ಕೀ ಇದ್ದರೆ ಮಾತ್ರ ಬ್ರೌಸರು ಅದನ್ನು ಬಾಕ್ಸಿನಲ್ಲೇ ಸೂಚಿಸುವ ಏರ್ಪಾಡು) ಹಾಕಿದೆವು. ಪಾಸ್‌ಕೀ ಇದ್ದವರು ಬಾಕ್ಸ್ ಮುಟ್ಟಿದರೆ ಅವರ ಹೆಸರು ಕಾಣಿಸುತ್ತದೆ. ಇಲ್ಲದವರಿಗೆ ಪುಟ ಮೊದಲಿನ ಹಾಗೆಯೇ ಇದೆ. ಇದಕ್ಕೆಂದು ತರಬೇತಿ ಗಿರಬೇತಿ ಏನೂ ಬೇಕಾಗಲಿಲ್ಲ.

ಅನುಮಾನಗಳು ಮಾತ್ರ ಬಂದವು. ಒಂದು ಭಾನುವಾರ ಸಂಘದ ಆಫೀಸಿನಲ್ಲಿ ಹಿರಿಯ ಸದಸ್ಯರೊಬ್ಬರು ಹಿಡಿದುಕೊಂಡರು. “ಅಲ್ಲ ಮಾರಾಯಾ, ಆಧಾರಿಗೆ ಹೆಬ್ಬೆಟ್ಟು ಕೊಟ್ಟದ್ದು ಸಾಲದಾ? ಇನ್ನು ನಿಮಗೂ ಕೊಡಬೇಕಾ?”

“ಇಲ್ಲ ಅಣ್ಣ, ನಿಮ್ಮ ಬೆರಳು ನಿಮ್ಮ ಫೋನಿಗೆ ಮಾತ್ರ ಗೊತ್ತು. ನಮಗೆ ಬರುವುದು ಫೋನು ಹಾಕಿದ ಸಹಿ ಅಷ್ಟೇ.”

ಒಪ್ಪಿದರು. ಆದರೆ ಬೆರಳಿಟ್ಟರೆ ಫೋನು ಹಿಡಿಯಲೇ ಇಲ್ಲ. ಒರೆಸಿ ಇಟ್ಟರು, ಇನ್ನೊಂದು ಬೆರಳಿಟ್ಟರು, ಊಹೂಂ. ವರ್ಷಗಟ್ಟಲೆ ದೋಸೆ ಕಾವಲಿಯ ಮುಂದೆ ನಿಂತ ಕೈ, ಗೆರೆಗಳೆಲ್ಲ ಸವೆದಿದ್ದವು. “ಫೋನು ಹೇಗೆ ತೆಗೆಯುತ್ತೀರಿ?” ಅಂತ ಕೇಳಿದೆ. ಪ್ಯಾಟರ್ನ್ ಎಳೆದು ತೋರಿಸಿದರು. “ಅದನ್ನೇ ಇಲ್ಲೂ ಎಳೆಯಿರಿ.” ಎಳೆದರು, ಲಾಗಿನ್ ಆಯಿತು. “ಇಷ್ಟೆಯಾ?” ಅಂದರು. ಬೆರಳು, ಮುಖ, ಪಿನ್, ಪ್ಯಾಟರ್ನ್ ಯಾವುದಾದರೂ ಸರಿ ಎಂಬ ಸಾಲನ್ನು ಆ ವಾರವೇ ಸ್ಕ್ರೀನಿಗೆ ಸೇರಿಸಿದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಫೋನು ತೆರೆಯಬಲ್ಲವರು ಖಾತೆಯನ್ನೂ ತೆರೆಯಬಲ್ಲರು. ಆದ್ದರಿಂದ ಎಲ್ಲರೂ ಬಳಸುವ ಆಫೀಸಿನ ಕಂಪ್ಯೂಟರಿನಲ್ಲಿ ಪಾಸ್‌ಕೀ ಮಾಡಬೇಡಿ ಎಂದು ಚೀಟಿ ಅಂಟಿಸಿದ್ದೇವೆ. ಅಲ್ಲಿ ಕ್ಯೂಆರ್ ಕೋಡ್ ಬರಿಸಿ ಸ್ವಂತ ಫೋನಿನಿಂದ ಸ್ಕ್ಯಾನ್ ಮಾಡಬೇಕು. ಅದಕ್ಕೆ ಎರಡೂ ಕಡೆ ಬ್ಲೂಟೂತ್ ಬೇಕು. ಫೋನು ಹತ್ತಿರದಲ್ಲೇ ಇದೆ ಎಂದು ಖಾತ್ರಿಯಾಗುವುದು ಅದರಿಂದಲೇ. ಬ್ಲೂಟೂತ್ ಇಲ್ಲದ ಹಳೇ ಡಬ್ಬಾದಲ್ಲಿ ಓಟಿಪಿಯೇ ಗತಿ.

ಫೋನು ಬದಲಾಯಿಸಿದಾಗ ಏನು? ಅದೇ ಗೂಗಲ್ ಖಾತೆ ಇರುವ ಹೊಸ ಆಂಡ್ರಾಯ್ಡಿಗೆ ಕೀ ತಾನಾಗಿ ಬರುತ್ತದೆ, ಐಫೋನಿನಿಂದ ಐಫೋನಿಗೂ ಹಾಗೆಯೇ. ಮಗ ದುಬೈಯಿಂದ ಐಫೋನ್ ತಂದುಕೊಟ್ಟ ಅಂದಾಗಲೇ ತೊಂದರೆ. ಗೂಗಲ್‌ನಲ್ಲಿದ್ದ ಕೀ ಆಪಲ್‌ನದಕ್ಕೆ ತಾನಾಗಿ ಹೋಗುವುದಿಲ್ಲ. ಅಂಥವರು ಓಟಿಪಿಯಿಂದ ಬರುತ್ತಾರೆ, ಹೊಸ ಫೋನಿಗೆ ಇನ್ನೊಂದು ಪಾಸ್‌ಕೀ ಮಾಡಲಾ ಎಂದು ಅಲ್ಲೇ ಕೇಳುತ್ತೇವೆ. ಒಬ್ಬರಿಗೆ ಎಷ್ಟು ಬೇಕಾದರೂ ಇರಬಹುದು. ಯಾವ ಕೀ ಎಲ್ಲಿದೆ, ಯಾವಾಗ ಮಾಡಿದ್ದು ಎಂಬ ಪಟ್ಟಿ ಖಾತೆಯ ಪುಟದಲ್ಲಿದೆ. ಅಲ್ಲಿ ಅಳಿಸಿದರೆ ಹೋಗುವುದು ನಮ್ಮ ಕಡೆಯ ಕೀ ಮಾತ್ರ. ಫೋನಿನಲ್ಲಿ ಹೆಸರು ಹಾಗೇ ಕಾಣಿಸುತ್ತಿರಬಹುದು, ಅದನ್ನು ಒತ್ತಿದರೆ ಲಾಗಿನ್ ಆಗುವುದಿಲ್ಲ. ಅಳಿಸುವ ಬಟನ್ನಿನ ಪಕ್ಕದಲ್ಲೇ ಈ ಮಾತು ಬರೆದಿದ್ದೇವೆ.

ಪಾಸ್‌ವರ್ಡನ್ನು ಪೂರ್ತಿ ತೆಗೆದಿಲ್ಲ. ಅದು ಇರುವವರೆಗೆ ನಕಲಿ ಸೈಟಿನ ಭಯವೂ ಇದ್ದೇ ಇರುತ್ತದೆ, ಆದರೆ ಸಮಿತಿಗೆ ಅಷ್ಟು ಅವಸರ ಬೇಡವಾಗಿತ್ತು. ಖಜಾಂಚಿ, ಕಾರ್ಯದರ್ಶಿ ಮತ್ತು ನನ್ನ ಖಾತೆಗೆ ಮಾತ್ರ ಪಾಸ್‌ವರ್ಡ್ ಇಲ್ಲ, ಓಟಿಪಿಯೂ ಇಲ್ಲ. ತಲಾ ಎರಡು ಸಾಧನಗಳಲ್ಲಿ ಪಾಸ್‌ಕೀ ಕಡ್ಡಾಯ. ಉಳಿದವರ ವಿಷಯದಲ್ಲಿ ಈಗ ದುರ್ಬಲ ಕೊಂಡಿ ಇಮೇಲ್, ಓಟಿಪಿ ಹೋಗುವುದು ಅಲ್ಲಿಗೇ ಅಲ್ವಾ? ನಮ್ಮ ಪಟ್ಟಿಯಲ್ಲಿ ಎಷ್ಟೋ ಸದಸ್ಯರ ಹೆಸರಿನ ಮುಂದೆ ಇರುವುದು ಮಗನದೋ ಅಳಿಯನದೋ ವಿಳಾಸ. ಸದ್ಯ ಒಬ್ಬೊಬ್ಬರಿಗೇ ಫೋನ್ ಮಾಡಿ ಅದನ್ನು ಸರಿಪಡಿಸುತ್ತಿದ್ದೇವೆ.