ತಡವಾಗಿ ಬಂದರೆ ಅರ್ಧ ದಿನ ಕಟ್ ಮಾಡಬೇಡಿ

ಪೀಣ್ಯ, ರಾಜಾಜಿನಗರ ಕಡೆ ಸಣ್ಣ ವರ್ಕ್‌ಶಾಪ್ ನಡೆಸುವವರು ಗಮನಿಸಿ: ತಡವಾಗಿ ಬಂದವರಿಗೆ ಅರ್ಧ ದಿನದ ಸಂಬಳ ಹಿಡಿಯುವುದನ್ನು ಬಿಟ್ಟು, ತಡವಾದಷ್ಟೇ ನಿಮಿಷದ ಲೆಕ್ಕ ಹಾಕಿ. ದಿನಗೂಲಿ 800 ರೂಪಾಯಿ, ಎಂಟು ಗಂಟೆ ಕೆಲಸ ಅಂದುಕೊಳ್ಳಿ. 20 ನಿಮಿಷಕ್ಕೆ ಹೋಗುವುದು ಸುಮಾರು 33 ರೂಪಾಯಿ, ಅರ್ಧ ದಿನ ಹಿಡಿದರೆ 400. ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಂಡ ಟರ್ನರ್‌ಗೆ, ಅಂದರೆ ಲೇತ್ ಯಂತ್ರ ನಡೆಸುವವನಿಗೆ, 400 ಹೇಗೂ ಹೋಯಿತು ಅಂತ ಗೊತ್ತಾದ ಮೇಲೆ ಅವನು ಓಡಿ ಬರುವುದಿಲ್ಲ, ಟೀ ಕುಡಿದು ಊಟದ ಹೊತ್ತಿಗೆ ಬರುತ್ತಾನೆ. ಅಷ್ಟು ಹೊತ್ತೂ ಲೇತ್ ಸುಮ್ಮನೆ ನಿಂತಿರುತ್ತದೆ, ನಷ್ಟ ನಮ್ಮದೇ. ಅಲ್ಲದೆ ಗೈರಾದ ಅವಧಿಗೆ ತಕ್ಕಷ್ಟೇ ಕಡಿತ ಮಾಡಬೇಕು ಅನ್ನುವುದು 1936ರ ವೇತನ ಪಾವತಿ ಕಾಯ್ದೆಯಲ್ಲೂ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಬಂದ ಸಮಯವನ್ನು ಅವರ ಕೈಯಲ್ಲೇ ಗೇಟಿನ ಪುಸ್ತಕದಲ್ಲಿ ಬರೆಸಿ, ತಿಂಗಳ ಕೊನೆಯಲ್ಲಿ ಜಗಳವೇ ಇರುವುದಿಲ್ಲ. ಸೂಪರ್‌ವೈಸರ್ ಬಂದ ಸಮಯವೂ ಅದೇ ಪುಸ್ತಕದಲ್ಲಿರಲಿ. ಅವರಿಗೊಂದು ನ್ಯಾಯ, ಇವರಿಗೊಂದು ನ್ಯಾಯ ಆದರೆ ಯಾವ ನಿಯಮವೂ ನಿಲ್ಲುವುದಿಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ. ಗಾರ್ಮೆಂಟ್ಸ್ ಲೈನಿನಲ್ಲಿ ಮಾತ್ರ ಇದೊಂದೇ ಸಾಲದು. ಕಾಲರ್ ಕೂರಿಸುವವರು ಬಾರದಿದ್ದರೆ ಮುಂದಿನ ಟೈಲರ್‌ಗಳೆಲ್ಲ ಬಂಡಲ್ ಕಾಯುತ್ತ ಕೂರಬೇಕಾಗುತ್ತದೆ. ಅಲ್ಲಿ ಎರಡು ಮೂರು ಆಪರೇಷನ್ (ಹೊಲಿಗೆಯ ಹಂತ) ಬಲ್ಲ ಒಬ್ಬರನ್ನು ಬೆಳಗಿನ ಮೊದಲ ಗಂಟೆಗೆ ಬಿಡುವಾಗಿ ಇಟ್ಟುಕೊಳ್ಳಿ.